ಟ್ರಂಕ್ ಕಾಲಿನ ಮೊಮ್ಮಕ್ಕಳು

ಐವತ್ತು ದಾಟಿದ ಯಾರ ಮುಂದಾದರೂ ‘ಟ್ರಂಕ್ ಕಾಲ್’ ಎಂದು ಹೇಳಿ ನೋಡಿ. ಅವರಲ್ಲಿ ಒಂದು ಕಥೆ ಇದ್ದೇ ಇರುತ್ತದೆ. ಬೀದಿಗೊಂದೋ ಎರಡೋ ಫೋನು. ಪರಊರಿಗೆ ಮಾತಾಡಬೇಕೆಂದರೆ ಎಕ್ಸ್‌ಚೇಂಜಿಗೆ ಹೇಳಿ ಕಾಲ್ ಬುಕ್ ಮಾಡಬೇಕು. ಆರ್ಡಿನರಿಯೋ, ಅರ್ಜೆಂಟೋ, ಲೈಟ್ನಿಂಗೋ ಎಂದು ತಿಳಿಸಬೇಕು. ಆಮೇಲೆ ಫೋನಿನ ಪಕ್ಕದಲ್ಲೇ ಕಾಯುತ್ತ ಕೂರಬೇಕು. ಕಡೆಗೊಮ್ಮೆ ಗಂಟೆ ಬಾರಿಸಿದಾಗ ಅತ್ತ ಕಡೆಯ ದನಿ ಕೇಳಿಸದೆ, ಇತ್ತ ಕಡೆಯವರು ಬೀದಿಗೆಲ್ಲ ಕೇಳುವಂತೆ ಕೂಗಾಡಬೇಕು. ಮೊಬೈಲ್ ಯುಗದ ಮಕ್ಕಳಿಗೆ ಇದು ಅಜ್ಜಿ ಕಥೆಯ ಹಾಗೆ ಕೇಳಿಸುತ್ತದೆ.

ಆ ಪದದಲ್ಲಿದ್ದ ‘ಟ್ರಂಕ್’ ಏನೆಂದು ನಾವು ಹೆಚ್ಚು ಯೋಚಿಸಿದವರಲ್ಲ. ಮನೆಯಿಂದ ಎಕ್ಸ್‌ಚೇಂಜಿಗೆ ಬರುವ ತಂತಿ ಆ ಮನೆಯದು. ಆದರೆ ಎರಡು ಊರುಗಳ ಎಕ್ಸ್‌ಚೇಂಜುಗಳ ನಡುವೆ ಎಳೆದ ತಂತಿ ಯಾರೊಬ್ಬರದೂ ಅಲ್ಲ, ಸರದಿಯ ಮೇಲೆ ಎಲ್ಲರದು. ಅದೇ ಟ್ರಂಕ್, ಮರದ ಬೊಡ್ಡೆಯ ಹಾಗೆ. ರೆಂಬೆಗಳು ನೂರಿದ್ದರೂ ರಸ ಹರಿಯುವುದು ಬೊಡ್ಡೆಯ ಮೂಲಕವೇ. ಅಂಥ ತಂತಿಗಳು ನಾಲ್ಕಿದ್ದರೆ ಯಾವುದು ಖಾಲಿ ಇದೆ, ಯಾರನ್ನು ಯಾವುದಕ್ಕೆ ಜೋಡಿಸಬೇಕು ಎಂದು ನೋಡುತ್ತಿದ್ದವರು ಆಪರೇಟರ್. 1960ರಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ದೇಶದ ಮೊದಲ ಎಸ್‌ಟಿಡಿ ಸಂಪರ್ಕ ಆರಂಭವಾದಾಗ ಆ ನಿರ್ಧಾರ ಮನುಷ್ಯರ ಕೈಯಿಂದ ಯಂತ್ರದ ಕೈಗೆ ದಾಟಿತು.

ಅದಾಗಿ ನಾಲ್ಕು ದಶಕಗಳ ನಂತರ ಅದೇ ಪದ, ಅದೇ ಸಮಸ್ಯೆ, ಅದೇ ಪರಿಹಾರ ಇನ್ನೊಂದು ಲೋಕದಲ್ಲಿ ಮತ್ತೆ ಹುಟ್ಟಿದವು. ಬ್ಯಾಂಕುಗಳ ಲೆಕ್ಕ, ಆಸ್ಪತ್ರೆಗಳ ದಾಖಲೆ, ರೈಲಿನ ಮುಂಗಡ ಟಿಕೆಟ್ಟು ಎಲ್ಲವನ್ನೂ ಇಟ್ಟುಕೊಂಡ ಡಿಸ್ಕುಗಳಿಗೂ ಅವನ್ನು ಓದಿ ಬರೆಯುವ ಸರ್ವರುಗಳಿಗೂ ನಡುವೆ ಒಂದು ಪ್ರತ್ಯೇಕ ಜಾಲ ಇರುತ್ತದೆ. ಅದನ್ನು ಸ್ಟೋರೇಜ್ ನೆಟ್‌ವರ್ಕ್ ಎನ್ನುತ್ತಾರೆ. ಅಲ್ಲಿನ ಎರಡು ಸ್ವಿಚ್ಚುಗಳ ನಡುವೆ ನಾಲ್ಕು ಕೇಬಲ್ ಸಿಕ್ಕಿಸಿದರೆ, ಯಾರೂ ಹೇಳದೆಯೇ ಅವು ತಾವಾಗಿ ಒಂದಾಗಿ ಒಂದೇ ದಪ್ಪ ಹಗ್ಗದಂತೆ ಕೆಲಸ ಮಾಡತೊಡಗುತ್ತವೆ. ಈ ‘ತಾವಾಗಿ ಒಂದಾಗುವ’ ವಿದ್ಯೆ ಎಲ್ಲಿಂದ ಬಂತು, ಅದರಿಂದ ಪಡೆದದ್ದೇನು, ಕಳೆದುಕೊಂಡದ್ದೇನು ಎಂಬುದು ಈ ಬರಹದ ವಿಷಯ.

ಕೂಡಿ ಬಾಳುವ ಗಣಿತ

ನಾಲ್ಕು ತಂತಿಗಳನ್ನು ಒಂದಾಗಿ ಕೂಡಿಸುವುದರಿಂದ ಲಾಭವೇನು? ತಂತಿಗಳ ಒಟ್ಟು ಸಂಖ್ಯೆಯಂತೂ ಹೆಚ್ಚುವುದಿಲ್ಲ. ಈ ಪ್ರಶ್ನೆಗೆ ಗಣಿತದಲ್ಲಿ ಉತ್ತರ ಹುಡುಕಿದವನು ಡೆನ್ಮಾರ್ಕಿನ ಆಗ್ನರ್ ಕ್ರಾರೂಪ್ ಎರ್ಲಾಂಗ್. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಈತ 1909ರಲ್ಲಿ ದೂರವಾಣಿ ಕರೆಗಳಿಗೆ ಸಂಭವನೀಯತೆಯ ಸಿದ್ಧಾಂತವನ್ನು ಅನ್ವಯಿಸಿ ಒಂದು ಲೇಖನ ಬರೆದ. 1917ರಲ್ಲಿ ಇಷ್ಟು ಕರೆಗಳಿಗೆ ಇಷ್ಟು ತಂತಿಗಳಿದ್ದರೆ ಎಷ್ಟು ಮಂದಿಗೆ ‘ಲೈನ್ ಎಂಗೇಜ್’ ಎಂಬ ಉತ್ತರ ಸಿಗುತ್ತದೆಂದು ಹೇಳುವ ಸೂತ್ರ ಕೊಟ್ಟ. ದೂರವಾಣಿ ದಟ್ಟಣೆಯ ಅಳತೆಗೆ ಇಂದಿಗೂ ಅವನ ಹೆಸರೇ ಇದೆ.

ಅವನ ಸೂತ್ರದಿಂದ ಒಂದು ಸಣ್ಣ ಲೆಕ್ಕ ಮಾಡೋಣ. ನಾಲ್ಕು ಬೀದಿಗಳಿವೆ, ಒಂದೊಂದಕ್ಕೂ ಒಂದೊಂದು ಪ್ರತ್ಯೇಕ ತಂತಿ ಇದೆ ಎಂದುಕೊಳ್ಳಿ. ಪ್ರತಿ ಬೀದಿಯಿಂದ ಬರುವ ಕರೆಗಳ ಬೇಡಿಕೆ ಅರ್ಧ ಎರ್ಲಾಂಗ್. ಅಂದರೆ ಎಲ್ಲ ಕರೆಗಳಿಗೂ ಎಡೆ ಸಿಕ್ಕರೆ ತಂತಿ ಅರ್ಧ ಹೊತ್ತು ತುಂಬಿರುವಷ್ಟು. ಆಗ ಪ್ರತಿ ಮೂರು ಕರೆಗಳಲ್ಲಿ ಒಂದು ಕರೆ ವಾಪಸ್ಸು ಹೋಗುತ್ತದೆ. ಅದೇ ನಾಲ್ಕು ತಂತಿಗಳನ್ನು ನಾಲ್ಕೂ ಬೀದಿಗಳಿಗೆ ಸೇರಿಸಿ ಕೊಟ್ಟರೆ ವಾಪಸ್ಸು ಹೋಗುವುದು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಒಂದು ಮೀಟರ್ ತಾಮ್ರವನ್ನೂ ಹೊಸದಾಗಿ ಎಳೆದಿಲ್ಲ, ಹಂಚಿಕೊಂಡದ್ದಷ್ಟೇ. ಒಂದೇ ಬಾವಿಯಲ್ಲಿ ನೀರು ಸೇದುವ ಊರಿನವರಿಗೆ ಇದು ಹೊಸ ವಿಷಯವೇನಲ್ಲ. ಎಲ್ಲರ ಮನೆಗೂ ಒಂದೇ ಗಳಿಗೆಯಲ್ಲಿ ನೆಂಟರು ಬರುವುದಿಲ್ಲ.

ಮಲಗಿಸಿದ ಕೇಬಲ್ಲು, ಎಬ್ಬಿಸಿದ ‘ಕಲ್ಪನಾ’

1973ರಲ್ಲಿ ಬಾಬ್ ಮೆಟ್‌ಕಾಫ್ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಈಥರ್‌ನೆಟ್‌ನ ರೂಪರೇಖೆ ಬರೆದ. ಮುಂದಿನ ಹತ್ತು ವರ್ಷಗಳಲ್ಲಿ ಕಚೇರಿಗಳ ಕಂಪ್ಯೂಟರುಗಳು ಒಂದಕ್ಕೊಂದು ಸೇರಿಕೊಂಡವು. ಜಾಲಗಳು ದೊಡ್ಡವಾದಾಗ ಅವುಗಳ ನಡುವೆ ಸೇತುವೆಗಳು ಬೇಕಾದವು. ಒಂದು ಸೇತುವೆ ಕೆಟ್ಟರೂ ಇರಲಿ ಎಂದು ಇನ್ನೊಂದು ಹಾಕಿದರೆ ಬೇರೊಂದು ವಿಪತ್ತು ಎದುರಾಗುತ್ತಿತ್ತು. ಈಥರ್‌ನೆಟ್‌ನಲ್ಲಿ ಎಲ್ಲರಿಗೂ ಸಾರಿ ಹೇಳುವ ಸಂದೇಶಗಳಿರುತ್ತವೆ. ಎರಡು ದಾರಿ ಇದ್ದರೆ ಅಂಥ ಸಂದೇಶ ಒಂದು ದಾರಿಯಲ್ಲಿ ಹೋಗಿ ಇನ್ನೊಂದರಲ್ಲಿ ತಿರುಗಿ ಬಂದು, ಮತ್ತೆ ಹೋಗಿ, ಕೊನೆಯಿಲ್ಲದೆ ಸುತ್ತುತ್ತ ಇಡೀ ಜಾಲವನ್ನೇ ಉಸಿರುಗಟ್ಟಿಸುತ್ತಿತ್ತು.

1985ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿದ್ದ ರೇಡಿಯಾ ಪರ್ಲ್‌ಮನ್ ಇದಕ್ಕೆ ‘ಸ್ಪ್ಯಾನಿಂಗ್ ಟ್ರೀ’ ಎಂಬ ಉಪಾಯ ಕಂಡುಹಿಡಿದರು. ಸೇತುವೆಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಬ್ಬರನ್ನು ಬೇರೆಂದು ಆರಿಸುತ್ತವೆ, ಆ ಬೇರಿನಿಂದ ಎಲ್ಲೆಡೆಗೂ ಒಂದೊಂದೇ ದಾರಿ ಉಳಿಯುವಂತೆ ಮರವೊಂದನ್ನು ಕಟ್ಟಿಕೊಳ್ಳುತ್ತವೆ, ಮಿಕ್ಕ ದಾರಿಗಳನ್ನು ಮುಚ್ಚುತ್ತವೆ. ಪರ್ಲ್‌ಮನ್ ತಮ್ಮ ಈ ಉಪಾಯದ ಬಗ್ಗೆ ‘ಆಲ್ಗೋರೈಮ್’ ಎಂಬ ಪದ್ಯವನ್ನೂ ಬರೆದರು. ಗಣಕ ವಿಜ್ಞಾನದ ವಿದ್ಯಾರ್ಥಿಗಳು ಅದನ್ನು ಇಂದಿಗೂ ಓದುತ್ತಾರೆ. ತಾಂತ್ರಿಕ ಲೇಖನದ ಜೊತೆಗೊಂದು ಕವಿತೆಯೂ ಹುಟ್ಟಿದ ಅಪರೂಪದ ಸಂದರ್ಭ ಅದು.

ಮರ ಜಾಲವನ್ನು ಉಳಿಸಿತು, ಅದಕ್ಕೆ ಬೆಲೆಯನ್ನೂ ಕೇಳಿತು. ಎರಡು ಸ್ವಿಚ್ಚುಗಳ ನಡುವೆ ನಾಲ್ಕು ಕೇಬಲ್ ಹಾಕಿದರೆ ಸ್ಪ್ಯಾನಿಂಗ್ ಟ್ರೀ ಮೂರನ್ನು ಮಲಗಿಸಿಬಿಡುತ್ತದೆ. ಕಾಸು ಕೊಟ್ಟು ಕೊಂಡ ಮೂರು ಕೇಬಲ್ಲು, ಆರು ಪೋರ್ಟು ಸುಮ್ಮನೆ ಕೂತಿರುತ್ತವೆ.

ಇಲ್ಲಿ ನಮ್ಮ ಕಿವಿಗೆ ಪರಿಚಿತವಾದ ಒಂದು ಹೆಸರು ಬರುತ್ತದೆ: ಕಲ್ಪನಾ. ಭಾರತ ಮೂಲದ ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಸಿಲಿಕಾನ್ ವ್ಯಾಲಿಯಲ್ಲಿ ಕಟ್ಟಿದ ಕಂಪನಿಯ ಹೆಸರು ಅದು. ಭಾರದ್ವಾಜರ ಪತ್ನಿಯ ಹೆಸರನ್ನೇ ಕಂಪನಿಗೆ ಇಟ್ಟಿದ್ದರು. 1990ರ ಹೊತ್ತಿಗೆ ಈ ಕಂಪನಿ ಏಳು ಪೋರ್ಟುಗಳ ಈಥರ್‌ಸ್ವಿಚ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಬಹು ಪೋರ್ಟುಗಳ ಮೊದಲ ಈಥರ್‌ನೆಟ್ ಸ್ವಿಚ್ ಎಂದು ಹೆಸರಾದದ್ದು ಅದೇ. ಇದೇ ಕಂಪನಿಯಿಂದ ಬಂದ ಇನ್ನೊಂದು ಕಲ್ಪನೆ ಈಥರ್‌ಚಾನೆಲ್. ಹಲವು ಕೇಬಲ್ಲುಗಳನ್ನು ಒಂದೇ ಕೇಬಲ್ ಎಂದು ಸ್ಪ್ಯಾನಿಂಗ್ ಟ್ರೀಗೆ ತೋರಿಸಿದರೆ ಅದು ಯಾವುದನ್ನೂ ಮಲಗಿಸುವುದಿಲ್ಲ ಎಂಬುದು ಅದರ ಸರಳ ಯುಕ್ತಿ. 1994ರಲ್ಲಿ ಸಿಸ್ಕೋ ಕಂಪನಿ ಕಲ್ಪನಾವನ್ನು ಕೊಂಡಿತು. ಹೆಸರು ಮರೆಯಾಯಿತು, ಯುಕ್ತಿ ಉಳಿಯಿತು.

ಒಪ್ಪಂದದ ಮಾತುಕತೆ

ಕೇಬಲ್ಲುಗಳನ್ನು ಕೂಡಿಸುವುದು ಕೈಕೆಲಸವಾಗಿದ್ದಾಗ ಅಪಾಯವೂ ಇತ್ತು. ಈ ಕಡೆಯ ಇಂಜಿನಿಯರ್ ನಾಲ್ಕನ್ನೂ ಒಂದೆಂದು ಬರೆದಿದ್ದಾನೆ, ಆ ಕಡೆಯವನು ಬರೆಯಲು ಮರೆತಿದ್ದಾನೆ. ಒಬ್ಬನ ಪಾಲಿಗೆ ಒಂದು ಹಗ್ಗ, ಇನ್ನೊಬ್ಬನ ಪಾಲಿಗೆ ನಾಲ್ಕು ಎಳೆ. ಆಗ ಸುತ್ತು ಹಾಕುವ ಸಂದೇಶಗಳ ಹಳೆಯ ಪೀಡೆ ಮತ್ತೆ ಹೊಕ್ಕುತ್ತದೆ. ಆದ್ದರಿಂದ ಸ್ವಿಚ್ಚುಗಳೇ ಮೊದಲು ಪರಸ್ಪರ ಕೇಳಿಕೊಳ್ಳಬೇಕೆಂಬ ಯೋಚನೆ ಬಂತು: ‘ನೀನು ಯಾರು? ಈ ಕೇಬಲ್ಲಿನ ತುದಿಯಲ್ಲಿರುವವನೂ ಆ ಕೇಬಲ್ಲಿನ ತುದಿಯಲ್ಲಿರುವವನೂ ನೀನೇ ತಾನೆ? ಇವೆರಡನ್ನೂ ಒಂದು ಮಾಡಲು ನಿನ್ನ ಒಪ್ಪಿಗೆ ಇದೆಯೆ?’

ಸಿಸ್ಕೋ ಇದಕ್ಕೆ ತನ್ನದೇ ಒಂದು ವಿಧಾನ ಮಾಡಿಕೊಂಡಿತು. ಬೇರೆ ಬೇರೆ ಕಂಪನಿಗಳ ಸ್ವಿಚ್ಚುಗಳೂ ಮಾತಾಡಿಕೊಳ್ಳಲೆಂದು ಐಇಇಇ ಸಂಸ್ಥೆ 2000ದಲ್ಲಿ 802.3ಎಡಿ ಎಂಬ ಮಾನದಂಡ ಹೊರತಂದಿತು. ಅದರೊಳಗಿನ ಮಾತುಕತೆಯ ನಿಯಮಕ್ಕೆ ಎಲ್‌ಎಸಿಪಿ ಎಂದು ಹೆಸರು. ಅದರ ಪ್ರಕಾರ ಸ್ವಿಚ್ಚುಗಳು ಪ್ರತಿ ಕೇಬಲ್ಲಿನಲ್ಲೂ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ, ಆತುರವಿದ್ದರೆ ಸೆಕೆಂಡಿಗೊಮ್ಮೆ ಕುಶಲ ವಿಚಾರಿಸಿಕೊಳ್ಳುತ್ತವೆ. ಸತತ ಮೂರು ಬಾರಿಯಷ್ಟು ಹೊತ್ತು ಉತ್ತರ ಬರದಿದ್ದರೆ ಆ ಕೇಬಲ್ಲನ್ನು ಗುಂಪಿನಿಂದ ಬಿಡುತ್ತವೆ. ಇಂದು ಜಗತ್ತಿನ ಯಾವ ದೊಡ್ಡ ಕಚೇರಿಗೆ ಹೋದರೂ ಈ ಮಾನದಂಡ ಎಲ್ಲೋ ಒಂದು ಮೂಲೆಯಲ್ಲಿ ಕೆಲಸ ಮಾಡುತ್ತಿರುತ್ತದೆ.

ಒಂದು ಕೊರತೆ ಮಾತ್ರ ಉಳಿಯಿತು. ಒಂದು ಸಂಭಾಷಣೆಯ ತುಣುಕುಗಳನ್ನು ನಾಲ್ಕು ಕೇಬಲ್ಲುಗಳಿಗೆ ಹಂಚಿದರೆ ಅವು ಹಿಂದುಮುಂದಾಗಿ ತಲುಪಬಹುದು. ಹಾಗಾಗದಿರಲೆಂದು ಕಳಿಸುವವರ ಮತ್ತು ಪಡೆಯುವವರ ವಿಳಾಸ ನೋಡಿ ಒಂದು ಸಂಭಾಷಣೆಯನ್ನು ಪೂರ್ತಿಯಾಗಿ ಒಂದೇ ಕೇಬಲ್ಲಿಗೆ ಕಟ್ಟಿಹಾಕುತ್ತಾರೆ. ನೂರಾರು ಸಣ್ಣ ಸಂಭಾಷಣೆಗಳಿದ್ದರೆ ಹಂಚಿಕೆ ಚೆನ್ನಾಗಿಯೇ ಆಗುತ್ತದೆ. ಕೆಲವೇ ಭಾರೀ ಸಂಭಾಷಣೆಗಳಿದ್ದರೆ ಎರಡು ಆನೆಗಳು ಒಂದೇ ಕಾಲುಸೇತುವೆ ಹತ್ತಿ, ಪಕ್ಕದ ಮೂರು ಸೇತುವೆ ಖಾಲಿ ಉಳಿದಂತಾಗುತ್ತದೆ. ಡಿಸ್ಕುಗಳ ಲೋಕದಲ್ಲಿ ಓಡಾಡುವುದು ಹೆಚ್ಚಾಗಿ ಆನೆಗಳೇ.

ರೇಷ್ಮೆ ಹುಳು ಮತ್ತು ಮಳವಳ್ಳಿ

ಮೊದಲು ಡಿಸ್ಕುಗಳು ಸರ್ವರಿನ ಮೈಗೇ ಅಂಟಿಕೊಂಡಿದ್ದವು. ಸ್ಕಸಿ ಎಂಬ ದಪ್ಪ ಕೇಬಲ್ಲಿನ ಉದ್ದ ಕೆಲವು ಮೀಟರ್, ಹೆಚ್ಚೆಂದರೆ 25 ಮೀಟರ್. ಒಂದು ಸರ್ವರಿನ ಡಿಸ್ಕಿನಲ್ಲಿ ಜಾಗ ಖಾಲಿ ಬಿದ್ದಿದ್ದರೂ ಪಕ್ಕದ ಸರ್ವರಿಗೆ ಸಿಗುತ್ತಿರಲಿಲ್ಲ. ಎರ್ಲಾಂಗ್ ಹೇಳಿದ ಪಾಠ ಇಲ್ಲಿಗೂ ಬೇಕಿತ್ತು. ಡಿಸ್ಕುಗಳನ್ನು ಒಂದೆಡೆ ಗುಡ್ಡೆ ಹಾಕಿ ಎಲ್ಲ ಸರ್ವರುಗಳಿಗೂ ಹಂಚುವ ಜಾಲಕ್ಕಾಗಿ 1988ರಲ್ಲಿ ಫೈಬರ್ ಚಾನೆಲ್ ಎಂಬ ತಂತ್ರಜ್ಞಾನದ ಕೆಲಸ ಶುರುವಾಯಿತು. 1994ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಗಾಜಿನ ಎಳೆಯ ಜೊತೆಗೆ ತಾಮ್ರದ ತಂತಿಯಲ್ಲೂ ಇದು ನಡೆಯಬೇಕೆಂದು ತೀರ್ಮಾನವಾದ ಕಾರಣ, ಬರೀ ಗಾಜೆಂದು ಯಾರೂ ತಿಳಿಯದಿರಲಿ ಎಂದು ‘ಫೈಬರ್’ ಪದಕ್ಕೆ ಬ್ರಿಟಿಷ್ ಕಾಗುಣಿತವನ್ನು ಆರಿಸಿಕೊಂಡರು. ಹೀಗೆ ಅಮೆರಿಕದ ಮಾನದಂಡವೊಂದಕ್ಕೆ ಇಂಗ್ಲೆಂಡಿನ ಸ್ಪೆಲಿಂಗು ಬಂತು.

ಈ ಮಾನದಂಡವನ್ನು ಬರೆದ ಪ್ರಮುಖರಲ್ಲಿ ಒಬ್ಬರು ಕುಮಾರ್ ಮಳವಳ್ಳಿ. ಮೈಸೂರು ವಿಶ್ವವಿದ್ಯಾನಿಲಯದ ಇಂಜಿನಿಯರಿಂಗ್ ಪದವೀಧರ. ಹೆಸರಿನಲ್ಲೇ ನಮ್ಮ ಮಂಡ್ಯ ಜಿಲ್ಲೆಯ ಊರು ಕೂತಿದೆ. 1995ರಲ್ಲಿ ಅವರು ಸೇಥ್ ನೈಮನ್ ಮತ್ತು ಪಾಲ್ ಬಾಂಡರ್‌ಸನ್ ಜೊತೆಗೂಡಿ ಕ್ಯಾಲಿಫೋರ್ನಿಯಾದಲ್ಲಿ ಬ್ರೊಕೇಡ್ ಕಂಪನಿ ಸ್ಥಾಪಿಸಿದರು. ಮುಂದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಶಾಖೆಯಲ್ಲಿ ಸ್ಟೋರೇಜ್ ಸಂಶೋಧನೆಗೆಂದೇ ಅವರ ಹೆಸರಿನ ಪೀಠವೂ ಬಂತು.

ಫೈಬರ್ ಚಾನೆಲ್ ಸ್ವಿಚ್ಚುಗಳ ಜಾಲವನ್ನು ಆ ವೃತ್ತಿಯವರು ‘ಫ್ಯಾಬ್ರಿಕ್’ ಎನ್ನುತ್ತಾರೆ, ಅಂದರೆ ಬಟ್ಟೆ. ಬ್ರೊಕೇಡ್ ಎಂದರೆ ಜರತಾರಿ ನೇಯ್ಗೆ. ಅವರ ಸ್ವಿಚ್ಚಿನ ಹೆಸರು ಸಿಲ್ಕ್‌ವರ್ಮ್, ರೇಷ್ಮೆ ಹುಳು. ಒಳಗಿನ ಒಂದು ಚಿಪ್ಪಿನ ಹೆಸರು ಲೂಮ್, ಅಂದರೆ ಮಗ್ಗ. ರಾಮನಗರದ ಗೂಡಿನ ಮಾರುಕಟ್ಟೆ ನೋಡಿದವರಿಗೆ, ಹಿಪ್ಪುನೇರಳೆ ಸೊಪ್ಪು ಕೊಯ್ದು ಬೆಳೆದವರಿಗೆ ಈ ಹೆಸರುಗಳ ಪಟ್ಟಿ ಓದಿದರೆ ನಗು ಬಾರದಿರದು. ಗೂಡಿನಿಂದ ನೂಲು ಬಿಚ್ಚುವವರು ಒಂದೇ ಗೂಡಿನ ಎಳೆಯನ್ನು ಎಂದೂ ನೆಚ್ಚುವುದಿಲ್ಲ. ಹಲವು ಗೂಡುಗಳ ಎಳೆಗಳನ್ನು ಕೂಡಿಸಿಯೇ ಒಂದು ನೂಲು. ಒಂದು ಎಳೆ ತುಂಡಾದರೆ ರಾಟೆ ನಿಲ್ಲಿಸದೆ ಇನ್ನೊಂದನ್ನು ಸೇರಿಸುತ್ತಾರೆ. ಮುಂದೆ ಸ್ವಿಚ್ಚುಗಳು ಕಲಿತದ್ದೂ ಹೆಚ್ಚುಕಡಿಮೆ ಇದನ್ನೇ.

ಎಂಟರಲ್ಲಿ ಐದೂವರೆ ಹಿಡಿಸಲಿಲ್ಲ ಏಕೆ?

ಫೈಬರ್ ಚಾನೆಲ್ ಈಥರ್‌ನೆಟ್‌ನಂತೆ ಮಿಕ್ಕ ದಾರಿಗಳನ್ನು ಮಲಗಿಸುವುದಿಲ್ಲ. ಸಮ ದೂರದ ದಾರಿಗಳಿದ್ದರೆ ಎಲ್ಲವನ್ನೂ ಬಳಸುತ್ತದೆ. ಆದರೆ ಆರಂಭದ ದಿನಗಳಲ್ಲಿ ಪ್ರತಿ ಒಳಬರುವ ಪೋರ್ಟಿಗೂ ಒಂದು ಹೊರದಾರಿಯನ್ನು ಸರದಿಯ ಪ್ರಕಾರ ಗೊತ್ತುಮಾಡಿ ಬಿಡುತ್ತಿದ್ದರು. ಎರಡು ಸ್ವಿಚ್ಚುಗಳ ನಡುವೆ 2 ಗಿಗಾಬಿಟ್ಟಿನ ನಾಲ್ಕು ಕೇಬಲ್ ಇವೆ ಎನ್ನಿ; ಒಟ್ಟು 8. ಐದು ಸರ್ವರುಗಳ ಬೇಡಿಕೆ ಕ್ರಮವಾಗಿ 1.5, 1, 0.5, 1 ಮತ್ತು 1.5 ಗಿಗಾಬಿಟ್, ಒಟ್ಟು 5.5. ಧಾರಾಳವಾಗಿ ಹಿಡಿಸಬೇಕು. ಆದರೆ ಸರದಿಯ ಪ್ರಕಾರ ಐದನೆಯವನು ಮತ್ತೆ ಮೊದಲ ಕೇಬಲ್ಲಿಗೇ ಬರುತ್ತಾನೆ. ಎರಡರ ಕೇಬಲ್ಲಿಗೆ ಮೂರರ ಹೊರೆ. ಮೂರನೇ ಕೇಬಲ್ಲಿನಲ್ಲಿ ಅರ್ಧ ಗಿಗಾಬಿಟ್ ಮಾತ್ರ ಓಡುತ್ತಿದೆ, ಮೊದಲನೆಯದು ತುಂಬಿ ತುಳುಕುತ್ತಿದೆ.

ಡಿಸ್ಕುಗಳ ಲೋಕದಲ್ಲಿ ಈ ದಟ್ಟಣೆ ಇನ್ನಷ್ಟು ಕಾಡುತ್ತದೆ. ಈಥರ್‌ನೆಟ್ ತುಂಬಿದಾಗ ಕೆಲವು ತುಣುಕುಗಳನ್ನು ಬಿಸಾಡಿ ಮುಂದೆ ಹೋಗಬಲ್ಲದು, ಕಳಿಸಿದವರು ಮತ್ತೆ ಕಳಿಸುತ್ತಾರೆ. ಫೈಬರ್ ಚಾನೆಲ್ ಬಿಸಾಡುವುದನ್ನು ಆದಷ್ಟೂ ಒಪ್ಪುವುದಿಲ್ಲ. ಅಲ್ಲಿ ‘ಕ್ರೆಡಿಟ್’ ಪದ್ಧತಿ ಇದೆ. ನನ್ನಲ್ಲಿ ಇಷ್ಟು ತುಣುಕಿಗೆ ಜಾಗ ಇದೆ ಎಂದು ಪಡೆಯುವವನು ಮೊದಲೇ ಹೇಳಿರುತ್ತಾನೆ. ಜಾಗ ಮುಗಿದರೆ ಕಳಿಸುವವನು ಕೈಕಟ್ಟಿ ನಿಲ್ಲಬೇಕು. ಅವನು ನಿಂತರೆ ಅವನ ಹಿಂದಿನವನೂ ನಿಲ್ಲುತ್ತಾನೆ. ಸಿಗ್ನಲ್ಲಿನಲ್ಲಿ ನಿಂತ ಒಂದು ಬಸ್ಸಿನಿಂದ ಹಿಂದಿನ ಮೂರು ಅಡ್ಡರಸ್ತೆಗಳು ಕಟ್ಟಿಕೊಳ್ಳುವುದನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ತನಗೆ ಸಂಬಂಧವೇ ಇಲ್ಲದ ಒಂದು ದಟ್ಟಣೆಯಿಂದ ಎಲ್ಲಿಯದೋ ಸರ್ವರೊಂದು ತನ್ನ ಡಿಸ್ಕಿಗಾಗಿ ಕಾಯತೊಡಗುತ್ತದೆ.

2001ರಲ್ಲಿ ಬಂದ ಸಿಲ್ಕ್‌ವರ್ಮ್ 3800 ಎಂಬ 2 ಗಿಗಾಬಿಟ್ ಸ್ವಿಚ್ಚಿನೊಡನೆ ಬ್ರೊಕೇಡ್ ಕೊಟ್ಟ ಉತ್ತರಕ್ಕೆ ಐಎಸ್‌ಎಲ್ ಟ್ರಂಕಿಂಗ್ ಎಂದು ಹೆಸರು. ಹಳೆಯ ಟ್ರಂಕ್ ಮತ್ತೆ ಬಂತು. ಅಕ್ಕಪಕ್ಕದ ನಾಲ್ಕು ಪೋರ್ಟುಗಳ ಒಂದು ಗುಂಪಿನೊಳಗೆ ಎಷ್ಟು ಕೇಬಲ್ ಸಿಕ್ಕಿಸಿದರೂ, ಆ ಬದಿಯಲ್ಲೂ ಅವು ಒಂದೇ ಗುಂಪಿನಲ್ಲಿದ್ದು, ವೇಗ ಒಂದೇ ಇದ್ದರೆ, ಅವು ತಾವಾಗಿ ಒಂದು ಟ್ರಂಕ್ ಆಗುತ್ತಿದ್ದವು. ನಾಲ್ಕು ಸೇರಿದರೆ 8 ಗಿಗಾಬಿಟ್ಟಿನ ಒಂದೇ ದಾರಿ. ಮೇಲಿನ ಉದಾಹರಣೆಯ ಐದೂವರೆ ಅದರಲ್ಲಿ ನಿರಾಯಾಸವಾಗಿ ಹಿಡಿಸುತ್ತದೆ. ಇಂಜಿನಿಯರ್ ಬರೆಯಬೇಕಾದ ಆಜ್ಞೆ ಯಾವುದೂ ಇಲ್ಲ. ಆದರೆ ಎರಡೂ ಕಡೆ ಟ್ರಂಕಿಂಗ್ ಲೈಸೆನ್ಸ್ ಕೊಂಡಿರಬೇಕಿತ್ತು. ತಾನಾಗಿ ನಡೆಯುವುದಕ್ಕೂ ತೆರಬೇಕಾದ ಸುಂಕ ಇತ್ತು.

ಇಲ್ಲಿನ ವಿಶೇಷವೆಂದರೆ ಸಂಭಾಷಣೆಗಳನ್ನು ಕೇಬಲ್ಲಿಗೆ ಕಟ್ಟಿಹಾಕದೆ, ಫ್ರೇಮ್ ಎಂಬ ಒಂದೊಂದು ತುಣುಕನ್ನೂ ಆ ಕ್ಷಣ ಖಾಲಿ ಇರುವ ಕೇಬಲ್ಲಿಗೆ ಹಾಕುವುದು. ಹಾಗಾದರೆ ಹಿಂದುಮುಂದಾಗುವ ಅಪಾಯ? ಅದನ್ನು ಕಾಲದ ಅಳತೆಯಿಂದ ಗೆದ್ದರು. 2 ಗಿಗಾಬಿಟ್ ವೇಗದಲ್ಲಿ ಒಂದು ಪೂರ್ಣ ಫ್ರೇಮ್ ಹೊರಟು ಮುಗಿಯಲು ಸುಮಾರು 10 ಮೈಕ್ರೊಸೆಕೆಂಡ್ ಬೇಕು. ಅಷ್ಟರಲ್ಲಿ ಅದರ ತಲೆ ಗಾಜಿನ ಎಳೆಯಲ್ಲಿ 2 ಕಿಲೋಮೀಟರ್ ದೂರ ಹೋಗಿರುತ್ತದೆ. ಗಾಜಿನಲ್ಲಿ ಬೆಳಕಿಗೆ ಒಂದು ಮೀಟರಿಗೆ 5 ನ್ಯಾನೊಸೆಕೆಂಡ್. ಒಂದು ಕೇಬಲ್ ಇನ್ನೊಂದಕ್ಕಿಂತ 30 ಮೀಟರ್ ಉದ್ದವಿದ್ದರೆ 150 ನ್ಯಾನೊಸೆಕೆಂಡ್ ತಡ. ಸ್ವಿಚ್ಚುಗಳು ಟ್ರಂಕ್ ಕಟ್ಟುವ ಮೊದಲು ಪ್ರತಿ ಕೇಬಲ್ಲಿನ ಮೇಲೂ ಕಾಲದ ಗುರುತು ಕಳಿಸಿ, ಯಾವುದು ಎಷ್ಟು ತಡ ಎಂದು ಅಳೆದುಕೊಂಡು, ಆ ತಡವನ್ನು ಲೆಕ್ಕದಲ್ಲಿಟ್ಟೇ ಫ್ರೇಮುಗಳನ್ನು ಬಿಡುತ್ತವೆ. ಈ ಅಳತೆಗೆ ‘ಡೆಸ್ಕ್ಯೂ’ ಎನ್ನುತ್ತಾರೆ. ಕೇಬಲ್ಲುಗಳ ಉದ್ದದ ವ್ಯತ್ಯಾಸ 30 ಮೀಟರಿನೊಳಗಿರಲಿ ಎಂಬುದು ಸಲಹೆ. ಟ್ರಂಕಿನ ವಿವರ ಕೇಳಿದರೆ ಅತಿ ಗಿಡ್ಡ ಕೇಬಲ್ಲಿನ ಎದುರು 15 ಎಂಬ ಸಂಖ್ಯೆ ಕಾಣುತ್ತದೆ, ಉಳಿದವು ಅದಕ್ಕಿಂತ ಹೆಚ್ಚು. ಮೇಳದಲ್ಲಿ ನಾಲ್ಕು ಜನ ತಾಳ ಹಾಕುವಾಗ ಒಬ್ಬ ತುಸು ಹಿಂದುಳಿಯುತ್ತಾನೆಂದು ಗೊತ್ತಿದ್ದರೆ ಅವನನ್ನು ತುಸು ಮುಂಚೆ ಎತ್ತಿಕೊಳ್ಳಲು ಹೇಳುವುದಿಲ್ಲವೆ, ಹಾಗೆ.

ಎರಡು ಸ್ವಭಾವಗಳು

2002ರಲ್ಲಿ ಸಿಸ್ಕೋ ಎಂಡಿಎಸ್ 9000 ಸರಣಿಯೊಂದಿಗೆ ಈ ಕ್ಷೇತ್ರಕ್ಕೆ ಕಾಲಿಟ್ಟಿತು. ಅದರ ಪೋರ್ಟ್‌ಚಾನೆಲ್ ಬೇರೆಯ ಮನೋಧರ್ಮದ್ದು. 16 ಕೇಬಲ್ಲುಗಳವರೆಗೆ ಕೂಡಿಸಬಹುದು. ಅವು ಅಕ್ಕಪಕ್ಕ ಇರಬೇಕಾಗಿಲ್ಲ, ಸ್ವಿಚ್ಚಿನ ಬೇರೆ ಬೇರೆ ಹಲಗೆಗಳ ಮೇಲೂ ಇರಬಹುದು. ಆದ್ದರಿಂದ ಒಂದು ಹಲಗೆಯೇ ಸುಟ್ಟುಹೋದರೂ ದಾರಿ ಉಳಿಯುತ್ತದೆ. ಅಷ್ಟು ದೂರದ ಪೋರ್ಟುಗಳ ನಡುವೆ ನ್ಯಾನೊಸೆಕೆಂಡಿನ ತಾಳಮೇಳ ಕಷ್ಟ. ಹಾಗಾಗಿ ಫ್ರೇಮುಗಳನ್ನು ಬಿಡಿಬಿಡಿಯಾಗಿ ಹಂಚದೆ, ಒಂದು ಓದು ಅಥವಾ ಒಂದು ಬರಹದ ವಿನಿಮಯವನ್ನು ಪೂರ್ತಿಯಾಗಿ ಒಂದು ಕೇಬಲ್ಲಿಗೆ ಕೊಡುವ ಪದ್ಧತಿ ಇಟ್ಟುಕೊಂಡರು. ಬ್ರೊಕೇಡ್ ಆರಿಸಿದ್ದು ಸಮಪಾಲು, ಸಿಸ್ಕೋ ಆರಿಸಿದ್ದು ಬಾಳಿಕೆ. ಮುಂದಿನ ವರ್ಷಗಳಲ್ಲಿ ಬ್ರೊಕೇಡ್ ಕೂಡ ಟ್ರಂಕುಗಳ ಮೇಲೆ ವಿನಿಮಯದ ಹಂಚಿಕೆಯನ್ನು ತಂದು ಎರಡನ್ನೂ ಒಟ್ಟಿಗೆ ಬಳಸಿತು. 4 ಗಿಗಾಬಿಟ್ಟಿನ ತಲೆಮಾರಿನಲ್ಲಿ ಟ್ರಂಕಿನ ಎಳೆಗಳನ್ನು ಎಂಟಕ್ಕೆ ಏರಿಸಿ ಒಟ್ಟು 32 ಗಿಗಾಬಿಟ್ ಮಾಡಿತು.

ತಾನಾಗಿ ಕೂಡುವ ವಿಷಯದಲ್ಲೂ ಇವರ ದಾರಿ ಬೇರೆಯಾಯಿತು. ಸಿಸ್ಕೋ ಸ್ವಿಚ್ಚುಗಳಲ್ಲೂ ಒಂದು ಕಾಲಕ್ಕೆ ಪೋರ್ಟ್‌ಚಾನೆಲ್ ತಾನಾಗಿ ರಚನೆಯಾಗುವ ಸೌಲಭ್ಯ ಇತ್ತು. ಮುಂದೆ ತಂತ್ರಾಂಶದ 4ನೇ ಸರಣಿಯಲ್ಲಿ ಅದನ್ನು ಕೈಬಿಟ್ಟರು. ಕೂಡಿಸಬೇಕೆಂದು ಇಂಜಿನಿಯರ್ ಬರೆಯಲಿ, ಬರೆದದ್ದು ಎರಡೂ ಕಡೆ ಹೊಂದುತ್ತದೆಯೇ ಎಂದು ಯಂತ್ರಗಳು ಪರೀಕ್ಷಿಸಲಿ ಎಂಬುದು ಅಲ್ಲಿ ಉಳಿದ ಕ್ರಮ. ಬ್ರೊಕೇಡ್ ಕಡೆ ಸಿಕ್ಕಿಸಿದರೆ ಸಾಕು ಎಂಬ ಹಳೆಯ ನಡೆಯೇ ಮುಂದುವರಿಯಿತು. ಒಬ್ಬರ ಕೇಬಲ್ ಇನ್ನೊಬ್ಬರ ಸ್ವಿಚ್ಚಿನೊಡನೆ ಟ್ರಂಕ್ ಕಟ್ಟುವುದಿಲ್ಲ. ಈಥರ್‌ನೆಟ್‌ಗೆ 2000ದಲ್ಲೇ ಎಲ್ಲರಿಗೂ ಸೇರಿದ ಒಂದು ಭಾಷೆ ಸಿಕ್ಕಿತು, ಸ್ಟೋರೇಜ್ ಜಾಲದಲ್ಲಿ ಮನೆಗೊಂದು ಭಾಷೆಯೇ ಉಳಿಯಿತು. ಪೈಪೋಟಿಯ ಮೂರನೇ ಕಂಪನಿ ಮ್ಯಾಕ್‌ಡೇಟಾ 2007ರಲ್ಲಿ ಬ್ರೊಕೇಡಿನೊಳಗೆ ಕರಗಿತು, 2017ರಲ್ಲಿ ಬ್ರೊಕೇಡನ್ನು ಬ್ರಾಡ್‌ಕಾಮ್ ಕೊಂಡಿತು.

ಕಾಣದಂತೆ ಕಳಚುವ ಎಳೆ

2002ರ ನವೆಂಬರಿನಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಕಂಪ್ಯೂಟರ್ ಜಾಲ ಕುಸಿದುಬಿತ್ತು. ಜಾಲ ವರ್ಷದಿಂದ ವರ್ಷಕ್ಕೆ ಬೆಳೆದು ಸ್ಪ್ಯಾನಿಂಗ್ ಟ್ರೀ ನಿಭಾಯಿಸಬಲ್ಲ ಮಿತಿಯನ್ನು ದಾಟಿತ್ತು. ಸಂದೇಶಗಳು ಸುತ್ತತೊಡಗಿದವು. ಕೆಲವು ದಿನಗಳ ಕಾಲ ವೈದ್ಯರೂ ನರ್ಸುಗಳೂ ಕಾಗದ, ಪೆನ್ನು, ಓಡಾಡುವ ಕಾಲುಗಳನ್ನೇ ನಂಬಿ ಆಸ್ಪತ್ರೆ ನಡೆಸಿದರು. ಅಲ್ಲಿನ ಮಾಹಿತಿ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಹಲಾಮ್ಕಾ ನಡೆದದ್ದನ್ನು ಮುಚ್ಚಿಡದೆ ಎಲ್ಲರಿಗೂ ಹೇಳಿದರು. ಹಾಗಾಗಿ ಅದು ಇಂದಿಗೂ ಪಾಠವಾಗಿ ಉಳಿದಿದೆ. ಅದು ಈಥರ್‌ನೆಟ್ ಜಾಲದ ಕಥೆಯಾದರೂ ಅದರ ಎಚ್ಚರಿಕೆ ಎಲ್ಲ ಸ್ವಯಂಚಾಲಿತ ಜಾಲಗಳಿಗೂ ಸಲ್ಲುತ್ತದೆ. ತಾನಾಗಿ ನಡೆಯುವುದು ನಡೆಯುತ್ತಿರುವಷ್ಟು ದಿನ ಅದರ ಮಿತಿ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ.

ಟ್ರಂಕಿನ ವಿಷಯದಲ್ಲಿ ಆ ಮಿತಿ ಇನ್ನೂ ನಾಜೂಕಾಗಿ ಅಡಗಿದೆ. ನಾಲ್ಕು ಎಳೆಗಳಲ್ಲಿ ಒಂದು ಕಳಚಿದರೆ ಮೂರು ಅದರ ಹೊರೆ ಹೊರುತ್ತವೆ. ದಾರಿ ಕಡಿಯುವುದಿಲ್ಲ, ಯಾರ ಕೆಲಸವೂ ನಿಲ್ಲುವುದಿಲ್ಲ. ಅದೇ ಈ ವಿದ್ಯೆಯ ಹೆಗ್ಗಳಿಕೆ, ಅದೇ ಅದರ ತೊಡಕೂ ಹೌದು. ದೂರು ಬಾರದ ಕೆಡುಕನ್ನು ರಿಪೇರಿ ಮಾಡಲು ಯಾರೂ ಏಳುವುದಿಲ್ಲ. ಇನ್ನೊಂದು ಎಳೆ ಕಳಚುತ್ತದೆ. ತಿಂಗಳ ಕೊನೆಯ ದಿನ, ಸಂಬಳದ ಲೆಕ್ಕಾಚಾರ ನಡೆಯುವ ರಾತ್ರಿ, ನಾಲ್ಕರ ಭಾರ ಎರಡರ ಮೇಲೆ ಬಿದ್ದಾಗ ಎಲ್ಲರಿಗೂ ಒಟ್ಟಿಗೆ ಗೊತ್ತಾಗುತ್ತದೆ. ಇನ್ನು ನಾಲ್ಕೂ ಕೇಬಲ್ಲುಗಳು ಒಂದೇ ಕೊಳವೆಯಲ್ಲಿ ಹಾದುಹೋಗಿದ್ದರೆ ಒಂದು ಗುದ್ದಲಿ ಏಟು ನಾಲ್ಕನ್ನೂ ಒಟ್ಟಿಗೆ ತುಂಡರಿಸುತ್ತದೆ. ಉದ್ದ ಸಮನಾಗಿರಲಿ ಎಂಬ ಡೆಸ್ಕ್ಯೂ ನಿಯಮವೇ ಅವನ್ನು ಒಂದೇ ಕೊಳವೆಗೆ ತಳ್ಳುತ್ತದೆ ಎಂಬುದನ್ನು ಗಮನಿಸಿ. ಅದಕ್ಕಾಗಿಯೇ ಅನುಭವಸ್ಥರು ಇಂಥ ಇಡೀ ಜಾಲವನ್ನೇ ಎರಡು ಪ್ರತಿ ಮಾಡಿ, ಒಂದಕ್ಕೊಂದು ಮುಟ್ಟದಂತೆ, ಬೇರೆ ಬೇರೆ ದಾರಿಯಲ್ಲಿ ಎಳೆಯುತ್ತಾರೆ. ಎಳೆಗಳನ್ನು ಕೂಡಿಸುವುದು ಎಷ್ಟು ಮುಖ್ಯವೋ ಕೆಲವನ್ನು ಎಂದೂ ಕೂಡಿಸದಿರುವುದೂ ಅಷ್ಟೇ ಮುಖ್ಯ.

ಟ್ರಂಕ್ ಎಕ್ಸ್‌ಚೇಂಜಿನ ಆಪರೇಟರ್ ಎರಡು ಕೆಲಸ ಮಾಡುತ್ತಿದ್ದರು. ಖಾಲಿ ತಂತಿ ಹುಡುಕಿ ಜೋಡಿಸುವುದು ಒಂದು. ಈ ತಂತಿಯಲ್ಲಿ ಗೊರಗೊರ ಸದ್ದು ಬರುತ್ತಿದೆ, ಆ ತಂತಿ ಬೆಳಗಿನಿಂದ ಸತ್ತಿದೆ ಎಂದು ಕಿವಿಗೊಟ್ಟು ಕೇಳಿ ಹೇಳುವುದು ಇನ್ನೊಂದು. ಮೊದಲ ಕೆಲಸವನ್ನು ಯಂತ್ರಗಳು ಮನುಷ್ಯರಿಗಿಂತ ಎಷ್ಟೋ ಚೆನ್ನಾಗಿ ಮಾಡುತ್ತಿವೆ. ಹತ್ತು ಮೈಕ್ರೊಸೆಕೆಂಡಿಗೊಮ್ಮೆ ಖಾಲಿ ಎಳೆ ಹುಡುಕುವ ಆಪರೇಟರ್ ಯಾವ ಊರಿನಲ್ಲೂ ಇರಲಿಲ್ಲ. ಎರಡನೆಯ ಕೆಲಸಕ್ಕೂ ಯಂತ್ರಗಳು ನೆರವಾಗುತ್ತವೆ. ಕಳಚಿದ ಪ್ರತಿ ಎಳೆಯನ್ನೂ ಸ್ವಿಚ್ಚು ತನ್ನ ದಿನಚರಿಯಲ್ಲಿ ತಪ್ಪದೆ ಬರೆದಿಡುತ್ತದೆ. ಆ ಸಾಲನ್ನು ಬೆಳಿಗ್ಗೆ ಬಂದು ಓದುವವರೊಬ್ಬರು ಇರಬೇಕು. ಡೇಟಾ ಸೆಂಟರಿನ ತಣ್ಣನೆಯ ಕೋಣೆಯಲ್ಲಿ ಪಾಳಿ ಮಾಡುವ ಹುಡುಗ ಹುಡುಗಿಯರಿಗೆ ತಾವು ಆ ಹಳೆಯ ಆಪರೇಟರುಗಳ ಕುರ್ಚಿಯಲ್ಲೇ ಕೂತಿದ್ದೇವೆಂದು ಯಾರಾದರೂ ಹೇಳಬೇಕು.